‘ಮಾಲ್ಟೀಸ್’ ಶಬ್ದವಿಚಾರ

ಶಬ್ದಗಳ ಹುಟ್ಟನ್ನು ಹುಡುಕುವ ಚಪಲವು ಓದುಬರಹ ಬಲ್ಲವರಿಗೆ ಒಮ್ಮೆ ಹತ್ತಿತೆಂದರೆ ಪಗಡೆಯಾಟದ ಚಪಲಕ್ಕಿಂತ ಕಡಮೆಯಾದುದಲ್ಲ. ಎರಡು ಭಾಷೆಗಳ ಎರಡು ಪದಗಳು ಕಿವಿಗೆ ಒಂದೇ ತೆರನಾಗಿ ಕೇಳಿಸಿದರೆ ಸಾಕು, ಒಂದನ್ನು ಇನ್ನೊಂದರ ಮಗುವೆಂದು ತೀರ್ಮಾನಿಸಿ ಜಾತಕವನ್ನೂ ಬರೆದುಬಿಡುವರು. ಇಂತಹವರ ಕೈಗೆ ಆಂಗ್ಲಭಾಷೆಯ ‘ಮಾಲ್ಟೀಸ್’ ಎಂಬ ಪದವು ಸಿಕ್ಕಿದರೆ ಏನಾಗುವುದೆಂದು ಊಹಿಸುವುದು ಕಷ್ಟವಲ್ಲ. ಮಾಲತಿಯೆಂದರೆ ಜಾಜಿ, ಈಶನೆಂದರೆ ಒಡೆಯ, ಜಾಜಿಯ ಬಳ್ಳಿಗಳಿಂದ ತುಂಬಿದ ದ್ವೀಪದ ಒಡೆಯನು ಮಾಲತೀಶನು, ಅವನೇ ಮ್ಲೇಚ್ಛರ ಬಾಯಲ್ಲಿ ಮಾಲ್ಟೀಸ್ ಆದನು! ಸಭೆಯೊಂದರಲ್ಲಿ ಇದನ್ನು ಗಂಭೀರವಾಗಿ ಹೇಳಿದರೆ ನಾಲ್ಕಾರು ಮಂದಿಯಾದರೂ ತಲೆದೂಗದೆ ಇರಲಾರರು. ಯಾಸ್ಕಾಚಾರ್ಯರು ತಮ್ಮ ನಿರುಕ್ತದಲ್ಲಿ ಅರ್ಥವನ್ನು ಮುಂದಿಟ್ಟುಕೊಂಡು, ಒಂದು ಅಕ್ಷರದ ಸಾಮ್ಯವಿದ್ದರೂ ನಿರ್ವಚನ ಮಾಡಬಹುದೆಂದು ಅನುಮತಿಯಿತ್ತುದು ವೇದದ ಕಠಿನಪದಗಳ ಸಲುವಾಗಿ. ಆ ಅನುಮತಿಪತ್ರವನ್ನು ಹಿಡಿದುಕೊಂಡು ಭೂಮಂಡಲದ ಊರುಗಳನ್ನೆಲ್ಲ ಸಂಸ್ಕೃತದ ಸೀಮೆಗೆ ಸೇರಿಸಿಕೊಳ್ಳಬಹುದೆಂಬುದು ಅವರ ಅಭಿಪ್ರಾಯವಾಗಿರಲಿಲ್ಲ.

ಮಾಲತೀಶನ ಕಥೆಯನ್ನು ನಕ್ಕು ಬಿಡಬಹುದು. ಆದರೆ ಇದೇ ಪದದ ವಿಷಯದಲ್ಲಿ ಯುರೋಪಿನ ಪಂಡಿತರೂ ಇಂತಹ ಆಟವನ್ನೇ ಎರಡು ಶತಮಾನಗಳಿಗೂ ಹೆಚ್ಚು ಕಾಲ ಆಡಿದುದುಂಟು. ಅಲ್ಲಿ ಆಟದ ಪಣವು ಮಾತ್ರ ಸಣ್ಣದಾಗಿರಲಿಲ್ಲ. ಒಂದು ಜನಾಂಗವು ತನ್ನನ್ನು ಏನೆಂದು ಕರೆದುಕೊಳ್ಳಬೇಕು, ಅದರ ಮಾತು ನ್ಯಾಯಾಲಯದಲ್ಲಿ ಸಲ್ಲಬೇಕೆ ಬೇಡವೆ ಎಂಬುವು ಆ ಆಟದಲ್ಲಿ ಸಿಕ್ಕಿಕೊಂಡಿದ್ದುವು.

ಮಾಲ್ಟಾ ಎಂಬುದು ಮೆಡಿಟರೇನಿಯನ್ ಸಮುದ್ರದ ನಡುವೆ, ಸಿಸಿಲಿಗೆ ಸುಮಾರು ೯೦ ಕಿಲೋಮೀಟರು ದಕ್ಷಿಣದಲ್ಲಿರುವ ಸಣ್ಣ ದ್ವೀಪ. ನೆರೆಯ ಗೋಝೊ, ಕೊಮಿನೊ ದ್ವೀಪಗಳನ್ನು ಸೇರಿಸಿದರೂ ಒಟ್ಟು ವಿಸ್ತೀರ್ಣವು ೩೧೬ ಚದರ ಕಿಲೋಮೀಟರು ಮಾತ್ರ; ಕರ್ನಾಟಕದ ಒಂದು ಸಾಧಾರಣ ತಾಲ್ಲೂಕಿಗಿಂತಲೂ ಕಿರಿದು. ಫಿನೀಷಿಯರು, ಕಾರ್ಥೇಜಿನವರು, ರೋಮನರು, ಅರಬ್ಬರು, ನಾರ್ಮನರು, ಸಂತ ಯೋಹಾನನ ಪಂಥದ ಸರದಾರರು, ಫ್ರೆಂಚರು, ಆಂಗ್ಲರು ಹೀಗೆ ಒಬ್ಬರಾದ ಮೇಲೊಬ್ಬರು ಆಳಿದ ಈ ನಾಡು ೧೯೬೪ರಲ್ಲಿ ಸ್ವತಂತ್ರವಾಯಿತು, ೧೯೭೪ರಲ್ಲಿ ಗಣರಾಜ್ಯವಾಯಿತು. ಈ ನಾಡಿನವನನ್ನು ಆಂಗ್ಲರು ‘ಮಾಲ್ಟೀಸ್’ ಎನ್ನುವರು. ಅವನ ಜನರೆಲ್ಲರನ್ನೂ ಮಾಲ್ಟೀಸ್ ಎಂದೇ ಎನ್ನುವರು. ಅವರ ಭಾಷೆಯೂ ಮಾಲ್ಟೀಸ್, ಎಂಟು ಮೊನೆಗಳ ಒಂದು ಶಿಲುಬೆಯೂ ಮಾಲ್ಟೀಸ್, ಶ್ರೀಮಂತರ ಮಡಿಲಲ್ಲಿ ಮಲಗುವ ಬಿಳಿಯ ಕೂದಲಿನ ಪುಟ್ಟ ನಾಯಿಯೂ ಮಾಲ್ಟೀಸ್. ಇಷ್ಟು ಹೊರೆಯನ್ನು ಹೊತ್ತ ಪದವು ಎಲ್ಲಿಂದ ಬಂದಿತು?

ವೈಯಾಕರಣರ ಪದ್ಧತಿಯಂತೆ ಮೊದಲು ಪದವನ್ನು ಬಿಡಿಸಬೇಕು. ‘ಮಾಲ್ಟಾ’ ಎಂಬುದು ಪ್ರಕೃತಿ. ‘ಈಸ್’ ಎಂಬುದು ಪ್ರತ್ಯಯ. ನಿಷ್ಪತ್ತಿಯನ್ನು ಹುಡುಕಿದವರಲ್ಲಿ ಹೆಚ್ಚಿನವರು ಪ್ರಕೃತಿಯ ಹಿಂದೆಯೇ ಓಡಿಹೋಗಿ, ಪ್ರತ್ಯಯವನ್ನು ಬಾಗಿಲ ಬಳಿ ಬಿಟ್ಟ ಪಾದರಕ್ಷೆಯಂತೆ ಮರೆತುಬಿಟ್ಟರು. ಅವರು ಹೋದ ದಾರಿಯನ್ನೇ ಮೊದಲು ನೋಡಬಹುದು.

ಗ್ರೀಕರೂ ರೋಮನರೂ ಈ ದ್ವೀಪವನ್ನು ಮೆಲಿಟೆ, ಮೆಲಿಟಾ ಎಂದು ಕರೆಯುತ್ತಿದ್ದರು. ಗ್ರೀಕಿನಲ್ಲಿ ‘ಮೆಲಿ’ ಎಂದರೆ ಜೇನು; ಅದಕ್ಕೆ ಷಷ್ಠೀವಿಭಕ್ತಿ ಬಂದರೆ ‘ಮೆಲಿಟೊಸ್’ ಎಂದಾಗುವುದರಿಂದ, ಮೆಲಿಟೆ ಎಂದರೆ ಜೇನಿನ ನಾಡು ಎಂದು ಹೇಳುವುದು ಬಹಳ ಸುಲಭ. ದ್ವೀಪದಲ್ಲಿ ಜೇನು ಇಲ್ಲದಿಲ್ಲ. ಅಲ್ಲಿಯ ಜೇನುನೊಣವು ಒಂದು ಪ್ರತ್ಯೇಕ ಉಪಜಾತಿಯೆಂದು ೧೯೯೭ರಲ್ಲಿ ಪ್ರಾಣಿಶಾಸ್ತ್ರಜ್ಞರು ಹೆಸರಿಟ್ಟು ವರ್ಣಿಸಿರುವರು. ಸಂಸ್ಕೃತ ಬಲ್ಲ ಓದುಗರಿಗೆ ಇಲ್ಲಿ ಇನ್ನೊಂದು ಆಸೆ ಹುಟ್ಟಬಹುದು: ಮೆಲಿಯೂ ಮಧುವೂ ಒಂದೇ ಇರಬೇಕಲ್ಲವೆ? ಹಾಗಲ್ಲ. ಮಧುಶಬ್ದದ ಗ್ರೀಕ್ ಸೋದರನು ‘ಮೆಥು’. ಅದರ ಅರ್ಥ ಮದ್ಯ. ಆಂಗ್ಲರ ‘ಮೀಡ್’ ಎಂಬ ಜೇನಿನ ಮದ್ಯವೂ ಆ ವಂಶದ್ದೇ. ಮೆಲಿಯ ಬಂಧುಗಳು ಲ್ಯಾಟಿನಿನ ‘ಮೆಲ್’, ಗಾಥಿಕ್ ಭಾಷೆಯ ‘ಮಿಲಿಥ್’ ಮೊದಲಾದುವು. ಅರ್ಥವು ಒಂದಾದ ಮಾತ್ರಕ್ಕೆ ಗೋತ್ರವು ಒಂದಾಗುವುದಿಲ್ಲ.

ಜೇನಿನ ವಾದಕ್ಕೆ ಮುಖ್ಯವಾದ ತೊಡಕು ಬೇರೆಯೇ ಇದೆ. ಮೆಲಿಟೆ ಎಂಬ ಹೆಸರು ಈ ದ್ವೀಪವೊಂದಕ್ಕೇ ಮೀಸಲಾಗಿರಲಿಲ್ಲ. ಅಥೆನ್ಸ್ ನಗರದ ಒಂದು ಪೇಟೆಗೆ ಮೆಲಿಟೆ ಎಂಬ ಹೆಸರಿತ್ತು. ಆಡ್ರಿಯಾಟಿಕ್ ಸಮುದ್ರದಲ್ಲಿ ಈಗ ಮ್ಲೆತ್ ಎನ್ನುವ ದ್ವೀಪಕ್ಕೂ ಅದೇ ಹೆಸರು. ಹೋಮರನು ಇಲಿಯಡ್ ಕಾವ್ಯದಲ್ಲಿ ಹೆಸರಿಸಿದ ಸಮುದ್ರಕನ್ಯೆಯರಲ್ಲಿಯೂ ಒಬ್ಬಳು ಮೆಲಿಟೆ. ಇವೆಲ್ಲವೂ ಜೇನುಗೂಡುಗಳೇ ಆಗಿದ್ದುವೆನ್ನಲಾದೀತೆ? ಗ್ರೀಕನು ಪರದೇಶದ ಹೆಸರೊಂದನ್ನು ಕೇಳಿ, ತನ್ನ ಮನೆಯಲ್ಲಿ ಪರಿಚಿತವಾದ ಹೆಸರಿನ ಅಚ್ಚಿನಲ್ಲಿ ಅದನ್ನು ಎರಕ ಹೊಯ್ದಿರಬಹುದು. ಸಿಸಿರೋ ಪಂಡಿತನು ಕ್ರಿಸ್ತಪೂರ್ವ ೭೦ರಲ್ಲಿ ವೆರ್ರೀಸ್ ಎಂಬ ಅಧಿಕಾರಿಯ ಲೂಟಿಯನ್ನು ಬಯಲಿಗೆಳೆದಾಗ, ಅವನು ಸಾಗಿಸಿದ ಸರಕುಗಳಲ್ಲಿ ಬಹಳ ಜೇನನ್ನೂ ಹೇಳಿದ್ದಾನೆ, ಮೆಲಿಟಾದ ಬಟ್ಟೆಯನ್ನೂ ಹೇಳಿದ್ದಾನೆ. ದ್ವೀಪದ ಹೆಸರನ್ನು ಅವನು ಅಂಟಿಸಿರುವುದು ಬಟ್ಟೆಗೆ, ಜೇನಿಗಲ್ಲ. ಇಂದು ಆ ನಾಡಿನ ಜನರು ಜೇನಿಗೆ ಹೇಳುವ ಮಾತು ಅರಬ್ಬೀ ಮೂಲದ ‘ಆಸೆಲ್’. ಜೇನಿನಿಂದ ಹೆಸರು ಪಡೆಯಿತೆನ್ನುವ ನಾಡಿನಲ್ಲಿ ಮೆಲಿ ಎಂದರೆ ಯಾರಿಗೂ ತಿಳಿಯದು!

ಎರಡನೆಯ ವಾದವು ಫಿನೀಷಿಯರದು. ಹೀಬ್ರೂ ಮೊದಲಾದ ಸೆಮಿಟಿಕ್ ಭಾಷೆಗಳಲ್ಲಿ ಮ-ಲ-ಟ ಎಂಬ ಮೂರು ವ್ಯಂಜನಗಳ ಧಾತುವಿಗೆ ‘ತಪ್ಪಿಸಿಕೊಳ್ಳು, ಪಾರಾಗು’ ಎಂಬ ಅರ್ಥವಿದೆ. ಆದುದರಿಂದ ಮೆಲಿಟೆ ಎಂದರೆ ಆಶ್ರಯಸ್ಥಾನವೆಂದು ಹೇಳುವರು. ಕ್ರಿಸ್ತಪೂರ್ವ ೧ನೆಯ ಶತಮಾನದ ಇತಿಹಾಸಕಾರ ಡಯೊಡೋರಸನು ಈ ದ್ವೀಪವು ಫಿನೀಷಿಯರ ವಸಾಹತು, ಪಶ್ಚಿಮಸಮುದ್ರಕ್ಕೆ ವ್ಯಾಪಾರಕ್ಕೆಂದು ಹೋಗುತ್ತಿದ್ದ ಅವರಿಗೆ ನಡುಗಡಲಿನಲ್ಲಿ ಒಳ್ಳೆಯ ರೇವುಗಳುಳ್ಳ ರಕ್ಷಣೆಯ ತಾಣ ಎಂದು ಬರೆದಿದ್ದಾನೆ. ಧಾತುವಿನ ಅರ್ಥವೂ ಇತಿಹಾಸವೂ ಕೀಲಿಗೆ ಬೀಗದಂತೆ ಹೊಂದಿಕೊಳ್ಳುತ್ತವೆ. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದೇ ಸಂಶಯಕ್ಕೆ ಕಾರಣ. ರೇವುಳ್ಳ ದ್ವೀಪಗಳೆಲ್ಲವೂ ನಾವಿಕರಿಗೆ ಆಶ್ರಯವೇ. ಅವುಗಳಿಗೆಲ್ಲ ಈ ಹೆಸರು ಬರಲಿಲ್ಲ. ಮೇಲಾಗಿ, ದ್ವೀಪದಲ್ಲಿ ದೊರೆತಿರುವ ಹಳೆಯ ನಾಣ್ಯಗಳಲ್ಲಿ ಗ್ರೀಕ್ ಲಿಪಿಯಲ್ಲಿ ಮೆಲಿಟೆಯ ಹೆಸರಿದ್ದರೆ, ಫಿನೀಷಿಯ ಸಂತತಿಯ ಪ್ಯೂನಿಕ್ ಲಿಪಿಯಲ್ಲಿ ಇರುವುದು ಅಲೆಫ್, ನೂನ್, ನೂನ್ ಎಂಬ ಮೂರು ಅಕ್ಷರಗಳು. ತಮ್ಮ ಮಾತಿನಲ್ಲಿಯೇ ಆಶ್ರಯವೆಂಬರ್ಥದ ಹೆಸರನ್ನಿಟ್ಟವರು ತಮ್ಮ ಲಿಪಿಯಲ್ಲಿ ನಾಣ್ಯ ಹೊಡೆಯಿಸುವಾಗ ಅದನ್ನು ಬಿಟ್ಟು ಬೇರೊಂದನ್ನು ಏಕೆ ಕೆತ್ತಿಸಿದರು? ಈ ಪ್ರಶ್ನೆಗೆ ಸಮಾಧಾನ ಹೇಳದೆ ಆಶ್ರಯವಾದಿಗಳು ಮುಂದಕ್ಕೆ ಹೆಜ್ಜೆಯಿಡುವಂತಿಲ್ಲ. (ಇಟಾಲಿಯನ್ ಭಾಷೆಯಲ್ಲಿ ‘ಮಾಲ್ತಾ’ ಎಂದರೆ ಗೋಡೆ ಕಟ್ಟುವ ಗಾರೆಯೆಂಬ ಅರ್ಥವೂ ಉಂಟು. ಅದು ಬೇರೆ ಮೂಲದ ಪದ. ದ್ವೀಪವೆಲ್ಲ ಸುಣ್ಣಕಲ್ಲಿನದಾದುದರಿಂದ ಯಾರಾದರೂ ಅದಕ್ಕೂ ಗಂಟುಹಾಕಿದರೆ ಆಶ್ಚರ್ಯಪಡಬೇಕಾಗಿಲ್ಲ.)

ಪ್ರಕೃತಿಯ ಮೂಲವು ಹೀಗೆ ಇತ್ಯರ್ಥವಾಗದೆ ನಿಂತಿದೆ. ಆದರೆ ಮೆಲಿಟಾ ಎಂಬುದು ಮಾಲ್ಟಾ ಆದ ಬಗೆಯು ಅಷ್ಟು ಮರೆಯಾದುದಲ್ಲ. ಕ್ರಿಸ್ತಶಕ ೮೭೦ರಲ್ಲಿ ಅರಬ್ಬರು ದ್ವೀಪವನ್ನು ಗೆದ್ದರು. ಅವರ ಗ್ರಂಥಗಳಲ್ಲಿ ಹೆಸರು ಮಾಲಿಟಾ, ಮಾಲ್ಟಾ ಎಂದು ಕಾಣುತ್ತದೆ. ಆದಿಯ ಎಕಾರವು ಆಕಾರವಾಗಿ, ನಡುವಣ ಇಕಾರವು ಲೋಪವಾಯಿತು. ಆ ರೂಪವೇ ಸಿಸಿಲಿಯವರಿಗೂ ಇಟಲಿಯವರಿಗೂ ಬಂದು, ಅವರಿಂದ ಆಂಗ್ಲರಿಗೆ ದೊರೆಯಿತು.

ಇನ್ನು ಪ್ರತ್ಯಯ. ಮೂಲವನ್ನು ಅಗೆಯುವವರಿಗೆ ಕಾಣದ ಸಂಗತಿಯು ಇಲ್ಲಿ ಹಗಲಿನಂತೆ ಬೆಳಗುತ್ತಿದೆ. ಗ್ರೀಕ್ ಲಿಪಿಯ ನಾಣ್ಯಗಳ ಮೇಲಿರುವುದು ‘ಮೆಲಿಟಾಯೋನ್’ ಎಂಬ ಪದ, ಎಂದರೆ ‘ಮೆಲಿಟೆಯವರ’. ಈ ಜನರನ್ನು ಕುರಿತ ಪದಗಳಲ್ಲಿ ಅತ್ಯಂತ ಹಳೆಯವುಗಳಲ್ಲೊಂದು ಇದು. ಕ್ರಿಸ್ತಪೂರ್ವ ೨೧೮ರಲ್ಲಿ ದ್ವೀಪವು ರೋಮನರ ವಶವಾಯಿತು. ಅವರು ತಮ್ಮ ‘ಎನ್ಸಿಸ್’ ಪ್ರತ್ಯಯವನ್ನು ಹಚ್ಚಿ ‘ಮೆಲಿಟೆನ್ಸಿಸ್’ ಎಂದರು. ‘ಆ ಊರಿಗೆ ಸೇರಿದ’ ಎಂಬುದೇ ಇದರ ಅರ್ಥ. ಸಿಸಿರೋ ಹೇಳಿದ ಬಟ್ಟೆಗೆ ಇದೇ ವಿಶೇಷಣ. ಲ್ಯಾಟಿನ್ ಇಳಿದು ಇಟಾಲಿಯನ್ ಆದಾಗ ‘ಎನ್ಸಿಸ್’ ಎಂಬುದರ ನಕಾರವು ಜಾರಿ, ಕೊನೆಯು ಸವೆದು ‘ಎಸೆ’ ಆಯಿತು. ಮಿಲಾನಿನವನು ಮಿಲನೆಸೆ, ಜಿನೋವದವನು ಜೆನೊವೆಸೆ, ಮಾಲ್ಟಾದವನು ಮಾಲ್ತೆಸೆ. ಆಂಗ್ಲರು ಇದನ್ನು ತೆಗೆದುಕೊಂಡು ತಮ್ಮ ನಾಲಿಗೆಗೆ ಒಗ್ಗಿಸಿ ‘ಈಸ್’ ಎಂದರು. ಮಾಲತೀಶನ ಈಶನಿಗೂ ಇದಕ್ಕೂ ಸಂಬಂಧವಿಲ್ಲವೆಂದು ಪುನಃ ಹೇಳಬೇಕಾಗಿಲ್ಲ.

ಹಳೆಯ ಲ್ಯಾಟಿನ್ ರೂಪವು ಪೂರ್ಣವಾಗಿ ಅಳಿಯಲಿಲ್ಲವೆಂಬುದೊಂದು ಚೋದ್ಯ. ೧೮೮೭ರಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯನು ಮಾಲ್ಟಾದಲ್ಲಿ ಸಿಪಾಯಿಗಳನ್ನು ಕೊಲ್ಲುತ್ತಿದ್ದ ಜ್ವರದ ಕ್ರಿಮಿಯನ್ನು ಕಂಡುಹಿಡಿದನು. ೧೯೦೫ರಲ್ಲಿ ತೆಮಿಸ್ಟೋಕ್ಲಿಸ್ ಝಮ್ಮಿಟ್ ಎಂಬ ಆ ನಾಡಿನ ವೈದ್ಯನೇ, ಆ ಕ್ರಿಮಿಯು ಆಡಿನ ರಕ್ತದಲ್ಲಿರುವುದನ್ನು ತೋರಿಸಿ, ಹಾಲಿನ ಮೂಲಕ ರೋಗವು ಹರಡುವುದೆಂಬುದಕ್ಕೆ ದಾರಿಮಾಡಿದನು. ಆ ಕ್ರಿಮಿಯ ಶಾಸ್ತ್ರೀಯ ನಾಮವು ಇಂದಿಗೂ ‘ಬ್ರುಸೆಲ್ಲಾ ಮೆಲಿಟೆನ್ಸಿಸ್’. ಸಿಸಿರೋವಿನ ಕಾಲದಲ್ಲಿ ನಯವಾದ ಬಟ್ಟೆಗೆ ಸಂದ ವಿಶೇಷಣವು ಎರಡು ಸಾವಿರ ವರ್ಷಗಳ ಮೇಲೆ ಒಂದು ಜ್ವರಕ್ಕೆ ಸಂದಿತು.

ಹಾಗಾದರೆ ‘ಈಸ್’ ಪ್ರತ್ಯಯವು ಏನನ್ನು ಹೇಳುತ್ತದೆ? ಆಂಗ್ಲರು ನೆರೆಯ ಸಿಸಿಲಿಯವನನ್ನು ಸಿಸಿಲಿಯನ್ ಎನ್ನುವರು, ಮಾಲ್ಟಾದವನನ್ನು ಮಾಲ್ಟೀಸ್ ಎನ್ನುವರು. ಪ್ರತ್ಯಯವು ದೇಶದ ಗುಣವನ್ನು ಹೇಳುವುದಿಲ್ಲ. ಆ ದೇಶದ ಸುದ್ದಿಯು ಯಾರ ಬಾಯಿಂದ ಬಂದಿತೆಂಬುದನ್ನು ಹಲವೊಮ್ಮೆ ಹೇಳುತ್ತದೆ. ಇಟಲಿಯ ವರ್ತಕರಿಂದಲೂ ಪೋರ್ಚುಗಲ್ಲಿನ ನಾವಿಕರಿಂದಲೂ ಕೇಳಿ ತಿಳಿದ ಜನರಿಗೆ ಆಂಗ್ಲರು ಈ ಪ್ರತ್ಯಯವನ್ನು ಧಾರಾಳವಾಗಿ ಹಚ್ಚಿದರು: ಚೈನೀಸ್, ಜಪಾನೀಸ್, ಸಯಾಮೀಸ್, ಸಿಂಹಲೀಸ್. ಮಾಲ್ಟಾದಲ್ಲಿ ೧೫೩೦ರಿಂದ ೧೭೯೮ರ ವರೆಗೆ ಆಳಿದ ಸರದಾರರ ಕಾಲದಲ್ಲಿ ಕಚೇರಿಯ ಭಾಷೆಗಳು ಲ್ಯಾಟಿನ್ ಮತ್ತು ಇಟಾಲಿಯನ್. ಆಂಗ್ಲರು ೧೮೦೦ರಲ್ಲಿ ಕಾಲಿಟ್ಟಾಗ ಅಲ್ಲಿಯ ವಕೀಲರೂ ಪಾದ್ರಿಗಳೂ ಇಟಾಲಿಯನ್ನಿನಲ್ಲಿಯೇ ಬರೆಯುತ್ತಿದ್ದರು. ಹೊಲದಲ್ಲಿ ದುಡಿಯುವವನು ತನ್ನನ್ನು ಏನೆಂದು ಕರೆದುಕೊಳ್ಳುತ್ತಾನೆಂದು ಕೇಳಿ ಬರೆದ ಪದವು ‘ಮಾಲ್ಟೀಸ್’ ಅಲ್ಲ. ಕಚೇರಿಯ ಜಗಲಿಯಲ್ಲಿ ಕುಳಿತವರಿಂದ ಕಲಿತ ಪದ.

ಆಂಗ್ಲಭಾಷೆಯಲ್ಲಿ ಈ ಪ್ರತ್ಯಯಕ್ಕೆ ಇನ್ನೊಂದು ದುರ್ಗತಿಯೂ ಬಂದಿತು. ಹದಿನೇಳನೆಯ ಶತಮಾನದಲ್ಲಿ ಬಹುವಚನಕ್ಕೆ ಬೇರೆ ರೂಪವಿತ್ತು. ಮಿಲ್ಟನ್ ಕವಿಯೇ ೧೬೬೭ರ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲಿ ‘ಚೈನೀಸಸ್’ ಎಂಬ ಬಹುವಚನವನ್ನು ಬಳಸಿದ್ದಾನೆ. ಕಾಲಕ್ರಮದಲ್ಲಿ ಆ ಭಾಷಿಕರ ಕಿವಿಗೆ ಕೊನೆಯ ಸಕಾರವೇ ಬಹುವಚನದ ಸಕಾರದಂತೆ ಕೇಳತೊಡಗಿ, ಬಹುವಚನರೂಪವು ಬಿದ್ದುಹೋಯಿತು. ಪಾಮರರು ಇನ್ನೂ ಮುಂದೆ ಹೋಗಿ, ಚೈನೀಸ್ ಎಂಬುದು ಅನೇಕರಾದರೆ ಒಬ್ಬನು ‘ಚೈನೀ’ ಆಗಬೇಕಲ್ಲವೆ ಎಂದು, ಇಲ್ಲದ ಏಕವಚನವನ್ನು ಸೃಷ್ಟಿಸಿಕೊಂಡರು. ಅದರಲ್ಲಿ ತಿರಸ್ಕಾರವೂ ಬೆರೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಟ್ಟ ಬರವಣಿಗೆಯನ್ನು ಹೀಗಳೆಯಲು ಇದೇ ಪ್ರತ್ಯಯವನ್ನು ಹಿಡಿದು, ವೃತ್ತಪತ್ರಿಕೆಗಳ ಭಾಷೆಗೆ ‘ಜರ್ನಲೀಸ್’ ಎಂದು ಹೆಸರಿಟ್ಟರು. ಒಬ್ಬನನ್ನು ‘ಒಬ್ಬ ಮಾಲ್ಟೀಸ್’ ಎನ್ನಲು ಇಂದಿಗೂ ಅನೇಕ ಆಂಗ್ಲರು ಹಿಂಜರಿದು, ‘ಮಾಲ್ಟೀಸ್ ಮನುಷ್ಯ’ ಎಂದು ಸುತ್ತಿ ಹೇಳುವುದುಂಟು. ಸಿಸಿಲಿಯವನ ವಿಷಯದಲ್ಲಿ ಆ ತೊಡಕಿಲ್ಲ.

ಆ ನಾಡಿನವರು ತಮ್ಮ ಮಾತಿನಲ್ಲಿ ತಮ್ಮನ್ನು ಕರೆದುಕೊಳ್ಳುವುದು ಬೇರೆಯಾಗಿಯೇ. ಗಂಡಸು ‘ಮಾಲ್ತಿ’, ಹೆಂಗಸು ‘ಮಾಲ್ತಿಯಾ’, ಹಲವರು ‘ಮಾಲ್ತಿನ್’. ಭಾಷೆಯೂ ಮಾಲ್ತಿ. ಈ ಕೊನೆಯ ಇಕಾರವು ಅರಬ್ಬೀ ವ್ಯಾಕರಣದಲ್ಲಿ ‘ನಿಸ್ಬಾ’ ಎಂಬ ಸಂಬಂಧಾರ್ಥಕ ಪ್ರತ್ಯಯ. ಆಂಗ್ಲರ ಒಂದು ಪದವು ಮರೆಸಿದ ಲಿಂಗವನ್ನೂ ವಚನವನ್ನೂ ಇದು ಬಿಡಿಬಿಡಿಯಾಗಿ ತೋರಿಸುತ್ತದೆ. ಕನ್ನಡಿಗರಿಗೆ ಇಂತಹ ಇಕಾರವು ಅಪರಿಚಿತವಲ್ಲ. ಪಂಜಾಬಿ, ಗುಜರಾತಿ, ಬಂಗಾಳಿ ಎಂಬಲ್ಲಿ ಇರುವುದು ಪಾರಸಿಯ ಇಕಾರ. ಹುಟ್ಟಿನಲ್ಲಿ ಅದು ಬೇರೆಯಾದರೂ ಬಹುಕಾಲ ಅರಬ್ಬೀ ನಿಸ್ಬಾದ ಜೊತೆಯಲ್ಲಿ ಬಾಳಿ, ಅದರೊಡನೆ ಬೆರೆತುಹೋಗಿದೆ.

ಮಾಲ್ತಿ ಭಾಷೆಯು ಅರಬ್ಬೀ ಕುಲದ್ದೆಂಬುದು ಈಗ ಸಿದ್ಧವಾದ ಮಾತು. ಸಿಸಿಲಿಯಲ್ಲಿ ಆಡುತ್ತಿದ್ದ ಅರಬ್ಬಿಯಿಂದ ಕವಲೊಡೆದು, ಮೇಲೆ ಸಿಸಿಲಿ-ಇಟಲಿಗಳ ಪದಗಳನ್ನು ತುಂಬಿಕೊಂಡು, ರೋಮನ್ ಲಿಪಿಯಲ್ಲಿ ಬರೆಯಲ್ಪಡುವ ಭಾಷೆಯದು. ಅಕ್ವಿಲಿನಾ ಪಂಡಿತನ ಮಹಾನಿಘಂಟಿನ ಪದಗಳನ್ನು ಎಣಿಸಿದವರು ಸುಮಾರು ನೂರಕ್ಕೆ ೫೨ ಇಟಲಿ-ಸಿಸಿಲಿಗಳ ಕಡೆಯವು, ೩೨ ಸೆಮಿಟಿಕ್, ೬ ಆಂಗ್ಲ ಎಂದು ಕಂಡಿರುವರು. ಆದರೂ ವ್ಯಾಕರಣದ ಬೆನ್ನೆಲುಬು ಅರಬ್ಬಿಯದೇ. ಈ ಸಿದ್ಧಾಂತವು ದ್ವೀಪದ ಪಂಡಿತರಿಗೆ ಬಹುಕಾಲ ರುಚಿಸಲಿಲ್ಲ. ಆಗಿಯುಸ್ ದೆ ಸೋಲ್ದಾನಿಸ್ ಎಂಬ ಪಾದ್ರಿಯು ೧೭೫೦ರಲ್ಲಿ, ಮಾಲ್ಟಾದವರು ಆಡುವುದು ಪುರಾತನ ಪ್ಯೂನಿಕ್ ಭಾಷೆಯೇ ಎಂದು ಗ್ರಂಥ ಬರೆದನು. ಮಿಕಿಯೆಲ್ ಆಂಟನ್ ವಸ್ಸಲ್ಲಿಯು ೧೭೯೧ರಲ್ಲಿ ವ್ಯಾಕರಣವನ್ನೂ ೧೭೯೬ರಲ್ಲಿ ನಿಘಂಟನ್ನೂ ಪ್ರಕಟಿಸಿದ ಮಹಾನುಭಾವ. ತಾಯಿನುಡಿಗೆ ಅವನು ಮಾಡಿದ ಸೇವೆಗೆ ಸಮನಾದುದು ವಿರಳ. ಅವನೂ ತನ್ನ ವ್ಯಾಕರಣದ ಹೆಸರಿನಲ್ಲಿಯೇ ಫಿನೀಷಿಯ-ಪ್ಯೂನಿಕ್ ಎಂಬ ಮಾತನ್ನು ಸೇರಿಸಿದನು. ಜರ್ಮನಿಯ ಗೆಸೇನಿಯುಸ್ ಎಂಬ ಹೀಬ್ರೂ ವಿದ್ವಾಂಸನು ೧೮೧೦ರಲ್ಲಿ ಇದು ಅರಬ್ಬಿಯೇ ಹೊರತು ಪ್ಯೂನಿಕ್ ಅಲ್ಲವೆಂದು ತೋರಿಸಿಕೊಟ್ಟ ಮೇಲೂ ಹಳೆಯ ವಾದವು ನೂರು ವರ್ಷಗಳಿಗಿಂತ ಹೆಚ್ಚಾಗಿ ಉಸಿರಾಡುತ್ತಿತ್ತು.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಭಕ್ತರಾದ ಕ್ರೈಸ್ತರಿಗೆ, ಸರದಾರರು ಶತಮಾನಗಳ ಕಾಲ ಯಾರೊಡನೆ ಕಾದಾಡಿದರೋ ಆ ಮುಸಲ್ಮಾನರ ನುಡಿಯೇ ತಮ್ಮ ತಾಯಿನುಡಿಯ ತಾಯಿಯೆಂಬುದು ಒಗ್ಗದು. ಸತ್ತು ಸಾವಿರಾರು ವರ್ಷಗಳಾದ ಫಿನೀಷಿಯರು ಪೂರ್ವಜರಾದರೆ ಯಾರಿಗೂ ಅಭ್ಯಂತರವಿಲ್ಲ. ಇತ್ತ ಇಟಲಿಯ ಪಕ್ಷದವರಿಗೆ ಮಾಲ್ತಿಯು ಅಡಿಗೆಮನೆಯ ಆಡುಮಾತು ಮಾತ್ರ. ಅವರ ವಾದಕ್ಕೆ ಬೆಂಬಲವಾಗಿ ‘ಮಾಲ್ತೆಸೆ’ ಎಂಬ ಪದವು ಮಿಲನೆಸೆ, ಜೆನೊವೆಸೆಗಳ ಸಾಲಿನಲ್ಲಿ ಕುಳಿತು, ಇವನೂ ಇಟಲಿಯ ಮತ್ತೊಂದು ಊರಿನವನೆಂಬ ಭ್ರಮೆಯನ್ನು ಹುಟ್ಟಿಸುವುದು. ತಾನು ಕಳ್ಳನಲ್ಲವೆಂದು ನ್ಯಾಯಾಲಯದಲ್ಲಿ ಹೇಳಬೇಕಾದ ರೈತನು ತನಗೆ ತಿಳಿಯದ ಭಾಷೆಯಲ್ಲಿ ವಿಚಾರಣೆಯನ್ನು ಕೇಳಿಕೊಂಡು ನಿಲ್ಲಬೇಕಾಗಿತ್ತು. ೧೯೩೪ರಲ್ಲಿ ಮಾಲ್ತಿಯು ಅಧಿಕೃತ ಭಾಷೆಯಾಗಿ ನ್ಯಾಯಸ್ಥಾನವನ್ನು ಪ್ರವೇಶಿಸಿತು. ೧೯೩೬ರಲ್ಲಿ ಇಟಾಲಿಯನ್ ಆ ಪದವಿಯಿಂದ ಇಳಿಯಿತು. ೨೦೦೪ರಲ್ಲಿ ಮಾಲ್ಟಾ ಯುರೋಪು ಒಕ್ಕೂಟವನ್ನು ಸೇರಿದಾಗ ಮಾಲ್ತಿಯು ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಏಕೈಕ ಸೆಮಿಟಿಕ್ ಭಾಷೆಯೆನಿಸಿತು. ಜೇನು, ಆಶ್ರಯ, ಪ್ಯೂನಿಕ್ ಎಂಬ ವಾದಗಳಲ್ಲಿ ಒಂದೂ ಆ ರೈತನಿಗೆ ನೆರವಾಗಲಿಲ್ಲ; ಅವನಿಗೆ ನೆರವಾದುದು ವ್ಯಾಕರಣ, ನಿಘಂಟು, ಮತ್ತು ೧೯೨೦ರಲ್ಲಿ ಬರಹಗಾರರು ಸಂಘ ಕಟ್ಟಿಕೊಂಡು ೧೯೨೪ರಲ್ಲಿ ಹೊರತಂದ ಒಂದು ನಿಶ್ಚಿತವಾದ ಕಾಗುಣಿತ.

ಇದೆಲ್ಲವೂ ಸಮುದ್ರದಾಚೆಯ ಮಾತೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಇದೇ ‘ಈಸ್’ ಎಂಬ ಮುದ್ರೆಯು ಒಂದು ಕಾಲಕ್ಕೆ ಅವರ ಬೆನ್ನ ಮೇಲೂ ಬಿದ್ದಿತ್ತು. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಬಂದು ಕನ್ನಡ ಎಂಬ ಹೆಸರನ್ನು ಕೇಳಿ, ದ್ವಿತ್ವವನ್ನು ಬಿಟ್ಟು, ಡಕಾರವನ್ನು ರಕಾರ ಮಾಡಿ ‘ಕನರಾ’ ಎಂದರು. ಆಂಗ್ಲರು ಅದಕ್ಕೆ ಪ್ರತ್ಯಯ ಹಚ್ಚಿ ‘ಕ್ಯಾನರೀಸ್’ ಎಂದರು. ೧೮೫೬ರ ಕಾಲ್ಡ್‌ವೆಲ್ಲರ ವ್ಯಾಕರಣದಲ್ಲಿ ಕ್ಯಾನರೀಸ್, ಫ್ಲೀಟರು ೧೮೮೨ರಲ್ಲಿ ಅರಸುಮನೆತನಗಳ ಇತಿಹಾಸ ಬರೆದುದು ಕ್ಯಾನರೀಸ್ ಜಿಲ್ಲೆಗಳದು, ೧೯೧೫ರಲ್ಲಿ ಇ. ಪಿ. ರೈಸರು ಸಾಹಿತ್ಯಚರಿತ್ರೆ ಬರೆದುದೂ ಕ್ಯಾನರೀಸ್ ಸಾಹಿತ್ಯದ್ದೇ. ಇವರಲ್ಲಿ ಯಾರೂ ದ್ವೇಷದಿಂದ ಹಾಗೆ ಬರೆದವರಲ್ಲ. ಕನ್ನಡಕ್ಕೆ ಇವರ ಉಪಕಾರವು ದೊಡ್ಡದು. ಆದರೆ ೧೮೯೪ರಲ್ಲಿ ಕಿಟ್ಟೆಲರು ತಮ್ಮ ಮಹಾನಿಘಂಟಿನ ಮುಖಪತ್ರದ ಮೇಲೆ ‘ಕನ್ನಡ’ ಎಂದೇ ಅಚ್ಚುಹಾಕಿಸಿದರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ನಾಡಿಗೂ ನುಡಿಗೂ ಇದ್ದ ಹೆಸರನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಬ್ಬ ಪರದೇಶಿಯನು ಕಿವಿಗೊಟ್ಟು ಕೇಳಿ ಬರೆದುದು ಸಣ್ಣ ಕೆಲಸವಲ್ಲ.

ಕನ್ನಡಶಬ್ದದ ಪ್ರಕೃತಿಯ ವಿಚಾರದಲ್ಲಿಯೂ ಮಾಲ್ಟಾದ ಕಥೆಯೇ ನಡೆದಿದೆ. ಕರಿಯ ಮಣ್ಣಿನ ನಾಡೆಂದು ಕೆಲವರು, ಕಮ್ಮನೆಯ ನಾಡೆಂದು ಕೆಲವರು, ಕರ್ಣಗಳಲ್ಲಿ ಸಂಚರಿಸುವುದರಿಂದ ಕರ್ಣಾಟವೆಂದು ಸಂಸ್ಕೃತಾಭಿಮಾನಿಗಳು. ಈ ವಾದಗಳು ನಡೆಯುತ್ತಿದ್ದ ಕಾಲದಲ್ಲಿಯೇ ‘ಕ್ಯಾನರೀಸ್’ ಎಂಬ ಹಲಗೆಯು ಪಾಠಶಾಲೆಗಳ ಪುಸ್ತಕಗಳ ಮೇಲೆ ತೂಗುತ್ತಿತ್ತು. ಮೂಲವು ಯಾವುದಾದರೇನು, ‘ಕನ್ನಡಿಗ’ ಎಂಬಲ್ಲಿಯ ‘ಇಗ’ ಪ್ರತ್ಯಯವು ಮನೆಯದು, ‘ಈಸ್’ ಎಂಬುದು ಹೊರಗಣದು ಎಂಬ ಸುಲಭವಾದ ಸಂಗತಿಯನ್ನು ನೋಡಿದವರು ಕೆಲವರೇ. ಕೇಶಿರಾಜನು ತದ್ಧಿತಪ್ರಕರಣವನ್ನು ಅಷ್ಟು ಶ್ರಮಪಟ್ಟು ಬರೆದುದನ್ನು ಪರೀಕ್ಷೆಗೆ ಮಾತ್ರವೇ ಓದಿದುದರ ಫಲವಿದು.

ಒಂದು ಆಕ್ಷೇಪಕ್ಕೆ ಇಲ್ಲಿ ಎಡೆಗೊಡಬೇಕು. ಮಾಲ್ಟೀಸ್ ಎಂಬ ಒಂದೇ ಪದವು ಮನುಷ್ಯ, ಭಾಷೆ, ನಾಯಿ ಎಲ್ಲವನ್ನೂ ಹೇಳುವುದು ದೋಷವಾದರೆ ಸಂಸ್ಕೃತವೂ ಆ ದೋಷದಿಂದ ಮುಕ್ತವಲ್ಲ. ಮಥುರೆಯಲ್ಲಿ ಹುಟ್ಟಿದುದೂ ಮಾಥುರ, ಅಲ್ಲಿಂದ ಬಂದುದೂ ಮಾಥುರ, ಅಲ್ಲಿ ವಾಸಿಸುವವನೂ ಮಾಥುರ. ಇದು ನಿಜ. ಆದರೆ ಪಾಣಿನಿಯು ರೂಪವು ಒಂದಾದರೂ ಅರ್ಥಗಳನ್ನು ಬೇರೆಬೇರೆ ಸೂತ್ರಗಳಲ್ಲಿ ವಿಂಗಡಿಸಿಟ್ಟನು. ತಾನು ಈಗ ನೆಲಸಿರುವ ಊರು ನಿವಾಸ, ತನ್ನ ಹಿರಿಯರು ನೆಲಸಿದ್ದ ಊರು ಅಭಿಜನ ಎಂದು ಅವುಗಳನ್ನು ಕೂಡ ಬೇರ್ಪಡಿಸಿದ್ದಾನೆ. ಎರಡನೆಯ ಮಹಾಯುದ್ಧದ ಅನಂತರ ಸಾವಿರಾರು ಮಂದಿ ಮಾಲ್ಟಾವನ್ನು ಬಿಟ್ಟು ಆಸ್ಟ್ರೇಲಿಯಕ್ಕೆ ಹೋದರು. ಅವರ ಮೊಮ್ಮಕ್ಕಳು ಅಭಿಜನದಿಂದ ಮಾಲ್ಟಾದವರು, ನಿವಾಸದಿಂದ ಅಲ್ಲ. ಪದವು ಒಂದೇ ಇದ್ದರೂ ವಿವೇಕವು ಎರಡನ್ನೂ ತಿಳಿದಿರಬೇಕೆಂಬುದಷ್ಟೇ ಶಾಸ್ತ್ರದ ಬೇಡಿಕೆ. ‘ಮಾಲ್ಟೀಸ್’ ಪದದ ಮೇಲಿರುವ ದೂರು ಅದು ಹಲವು ಅರ್ಥಗಳನ್ನು ಹೊತ್ತಿದೆಯೆಂಬುದಲ್ಲ. ಅದನ್ನು ಕನ್ನಡದ ಬರಹಗಾರರು ನೋಡದೆ ಎತ್ತಿಕೊಳ್ಳುವರೆಂಬುದು.

ಈಚಿನ ಕನ್ನಡ ಪತ್ರಿಕೆಗಳಲ್ಲಿಯೂ ಪುಸ್ತಕಗಳಲ್ಲಿಯೂ ಚೈನೀಸರು, ಜಪಾನೀಸರು ಎಂಬ ರೂಪಗಳು ಕಾಣಿಸಿಕೊಳ್ಳುತ್ತಿವೆ. ಆ ಸಾಲಿನಲ್ಲಿ ‘ಮಾಲ್ಟೀಸರು’ ಬರುವುದೂ ಸಹಜ. ಇದರಲ್ಲಿ ಲ್ಯಾಟಿನ್ನಿನ ಪ್ರತ್ಯಯ, ಇಟಲಿಯ ಸವಕಳಿ, ಆಂಗ್ಲರ ಉಚ್ಚಾರ, ಅದರ ಮೇಲೆ ಕನ್ನಡದ ಬಹುವಚನ, ಇಷ್ಟೂ ಒಂದರ ಮೇಲೊಂದು ಕುಳಿತಿವೆ. ಚೀನಶಬ್ದವನ್ನು ಚೀನಾಂಶುಕದ ಕಾಲದಿ೦ದ ಬಲ್ಲ ದೇಶದಲ್ಲಿ ಚೈನೀಸರು ಎಂದು ಬರೆಯುವುದಕ್ಕೆ ಅಗತ್ಯವೇನು? ಚೀನೀಯರು, ಜಪಾನೀಯರು ಎಂಬುವು ಎಂದಿನಿಂದಲೂ ಸಲ್ಲುತ್ತಿವೆ. ಇನ್ನು ಮಾಲ್ಟಾದ ವಿಷಯ: ಶಬ್ದದ ಮೊದಲ ಸ್ವರವು ಆಕಾರವಾದುದರಿಂದ ಪಾಣಿನಿಯ ಪರಿಭಾಷೆಯಲ್ಲಿ ಅದು ‘ವೃದ್ಧ’ಸಂಜ್ಞೆಯನ್ನು ಪಡೆದು, ಶಾಲಾಶಬ್ದದಿಂದ ಶಾಲೀಯವು ಬಂದಂತೆಯೇ, ‘ಮಾಲ್ಟೀಯ’ ಎಂಬ ರೂಪವು ತಾನಾಗಿಯೇ ಸಿದ್ಧಿಸುತ್ತದೆ. ಪಾಣಿನಿಯು ಕಾಣದ ದ್ವೀಪಕ್ಕೆ ಪಾಣಿನಿಯ ಸೂತ್ರವು ಇಷ್ಟು ಸಲೀಸಾಗಿ ಹೊಂದುವುದು ಪಂಡಿತರಿಗೆ ಸಂತೋಷವನ್ನುಂಟುಮಾಡಬಹುದು. ಆದರೂ ಸಾಮಾನ್ಯ ಗದ್ಯಕ್ಕೆ ಅದೂ ಸ್ವಲ್ಪ ಬಿಗಿಯೇ. ಜನರನ್ನು ಹೇಳುವಾಗ ‘ಮಾಲ್ಟಾದವರು’ ಎಂದರೆ ಲಿಂಗವಚನಗಳು ಕನ್ನಡದ ಕ್ರಮದಲ್ಲಿಯೇ ನಿಲ್ಲುತ್ತವೆ. ಭಾಷೆಗೆ ಅವರು ಹೇಳುವಂತೆಯೇ ‘ಮಾಲ್ತಿ’ ಎಂದರೆ ಮರಾಠಿ, ಗುಜರಾತಿಗಳ ಪಕ್ಕದಲ್ಲಿ ಅದು ಯಾವ ಸಂಕೋಚವೂ ಇಲ್ಲದೆ ಕುಳಿತುಕೊಳ್ಳುತ್ತದೆ.

ನಾಯಿಯೊಂದನ್ನು ಮಾತ್ರ ‘ಮಾಲ್ಟೀಸ್’ ಎಂದೇ ಬಿಟ್ಟುಬಿಡಬಹುದು. ಅದು ಈ ಮಾಲ್ಟಾದ್ದೆಂದು ಸ್ಟ್ರಾಬೊ ಹೇಳಿದರೆ, ಆಡ್ರಿಯಾಟಿಕ್ಕಿನ ಇನ್ನೊಂದು ಮೆಲಿಟೆಯದೆಂದು ಕಲ್ಲಿಮಾಖಸ್ ಕವಿಯ ಮಾತನ್ನು ಪ್ಲಿನಿ ಎತ್ತಿ ಹೇಳಿದ್ದಾನೆ. ಅದರ ಅಭಿಜನವು ಇನ್ನೂ ಇತ್ಯರ್ಥವಾಗಿಲ್ಲ.